ಹದಿನೇಳನೆಯ ಶಿಫಾರಸು

ಅವಳಿಗೆ ನಾಯಿಗಳೆಂದರೆ ಪ್ರಾಣ. ಆದರೆ ನಾಯಿ ಕೆಳಗೆ ಅಂಗಳದಲ್ಲಿರಬೇಕು, ಅವಳು ಮೂರನೇ ಮಹಡಿಯ ಕಿಟಕಿಯಲ್ಲಿರಬೇಕು, ಕಿಟಕಿ ಮುಚ್ಚಿರಬೇಕು.

ನಗರಸಭೆಯ ಜನನ ಮರಣ ವಿಭಾಗದಲ್ಲಿ ಅವಳ ಮೇಜು ಅಂಥದೊಂದು ಕಿಟಕಿಯ ಪಕ್ಕದಲ್ಲೇ ಇತ್ತು. ಕೆಳಗೆ, ಹಿಂದಿನ ಅಂಗಳದಲ್ಲಿ, ನಾಯಿದೊಡ್ಡಿ. ಬೀದಿಯಲ್ಲಿ ಹಿಡಿದು ತಂದ ನಾಯಿಗಳನ್ನು ಕೂಡಿಹಾಕುವ ಜಾಗ ಅದು. ಎರಡು ಸಾಲು ಪಂಜರ, ನಡುವೆ ಚರಂಡಿ, ಮೇಲೆ ತಗಡು. ನಾಲ್ಕು ವರ್ಷ ಅವಳು ಹುಟ್ಟಿದವರ ಹೆಸರು ಬರೆಯುತ್ತ, ಸತ್ತವರ ಹೆಸರು ಬರೆಯುತ್ತ, ನಡುನಡುವೆ ಕೆಳಗೆ ನೋಡಿದಳು. ನಾಯಿ ಒಳಗಿರುವಾಗಲೇ ಪಂಜರಕ್ಕೆ ಪೈಪಿನಿಂದ ನೀರು ಹೊಡೆಯುವುದನ್ನು ನೋಡಿದಳು. ತಂತಿಯ ಕುಣಿಕೆ ಹಾಕಿ ದರದರನೆ ಎಳೆಯುವುದನ್ನು, ಮಗುಚಿದ ನೀರಿನ ಬಟ್ಟಲು ಸಂಜೆಯವರೆಗೂ ಮಗುಚಿಯೇ ಇರುವುದನ್ನು ನೋಡಿದಳು. ನೋಡಿ ನೋಡಿ ಹೊಟ್ಟೆ ಉರಿಯಿತು. ಬೇರೆ ಯಾರಾಗಿದ್ದರೂ ಕೆಳಗಿಳಿದು ಹೋಗಿ ನಾಲ್ಕು ಮಾತು ಜಗಳವಾಡುತ್ತಿದ್ದರು. ಅವಳು ವರದಿ ಬರೆದಳು.

ಹನ್ನೊಂದು ಪುಟ, ಇಪ್ಪತ್ತಮೂರು ಶಿಫಾರಸು. ಒಂದೊಂದು ಪದವನ್ನೂ ತೂಗಿ, ಹೊಡೆದುಹಾಕಿ, ಮತ್ತೆ ತೂಗಿ ಬರೆದದ್ದು. ಆಯುಕ್ತರು ಕರೆಸಿದರು.

"ಬಹಳ ಚೆನ್ನಾಗಿ ಬರ್ದಿದ್ದೀರಿ. ಓದಿ ಕಣ್ಣಲ್ಲಿ ನೀರು ಬಂತು."

"ಥ್ಯಾಂಕ್ಸ್ ಸಾರ್."

"ಸೋಮವಾರದಿಂದ ನೀವೇ ಅಲ್ಲಿಗೆ ಮೇಲ್ವಿಚಾರಕಿ. ಇಪ್ಪತ್ತಮೂರನ್ನೂ ಜಾರಿ ಮಾಡಿ."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಅವಳಿಗೆ ಉಣ್ಣುವುದಕ್ಕೆ ಮೂರು ಮಹಡಿ ಇಳಿದು ಹೋಗಬೇಕಿತ್ತು, ಅಷ್ಟೆ.

ಆಗಲೇ ಹೇಳಬಹುದಿತ್ತು: ಸಾರ್, ನನಗೆ ನಾಯಿ ಕಂಡರೆ ಕೈಕಾಲು ತಣ್ಣಗಾಗುತ್ತೆ, ಬೀದಿಯ ತುದಿಯಲ್ಲಿ ಒಂದು ಮಲಗಿದ್ದರೂ ಎರಡು ಬೀದಿ ಸುತ್ತಿ ಮನೆಗೆ ಹೋಗ್ತೀನಿ. ಹೇಳಲಿಲ್ಲ. ಹನ್ನೊಂದು ಪುಟ ಕರುಣೆ ಬರೆದವಳು ಹನ್ನೆರಡನೆಯ ಪುಟದಲ್ಲಿ ಭಯ ಎಂದು ಬರೆದರೆ ಮೊದಲಿನ ಹನ್ನೊಂದನ್ನು ಯಾರು ನಂಬುತ್ತಾರೆ? ಅದಕ್ಕಿಂತ ದೊಡ್ಡ ಅವಮಾನವೆಂದರೆ ಅವಳನ್ನು ಯಾವ ನಾಯಿಯೂ ಎಂದೂ ಕಚ್ಚಿರಲಿಲ್ಲ. ಕಚ್ಚಿದ್ದರೆ ತೋರಿಸಲು ಒಂದು ಗಾಯವಾದರೂ ಇರುತ್ತಿತ್ತು. ಇದು ಹಾಗಲ್ಲ. ಹುಟ್ಟಿನಿಂದ ಬಂದದ್ದು, ಚಪ್ಪಟೆ ಪಾದದ ಹಾಗೆ.

ದೊಡ್ಡಿಯಲ್ಲಿ ಅವಳಿಗೆ ಸಿಕ್ಕ ಸಿಬ್ಬಂದಿ ಒಬ್ಬನೇ. ಇಪ್ಪತ್ತಾರು ವರ್ಷದಿಂದ ನಾಯಿ ಹಿಡಿಯುತ್ತಿದ್ದ, ಅರವತ್ತರ ಹತ್ತಿರದ, ಒಣಕಲು ಮೈಯ ಮನುಷ್ಯ. ಎಲ್ಲರೂ ಅವನನ್ನು ಬಲೆ ಮಾವ ಎನ್ನುತ್ತಿದ್ದರು. ಅವನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ಅವಳಿಗೂ ಮೊದಲ ವಾರದಲ್ಲೇ ಒಂದು ಹೆಸರು ಬಿತ್ತು: ಶಿಫಾರಸಮ್ಮ. ಅದು ಅವಳ ಕಿವಿಗೆ ಬೀಳಲಿಲ್ಲವೆಂದೇ ಎಲ್ಲರೂ ತಿಳಿದಿದ್ದರು.

ಶಿಫಾರಸುಗಳು ಕೆಲಸ ಮಾಡಿದವು ಎಂಬುದನ್ನೂ ಹೇಳಬೇಕು. ನ್ಯಾಯ ಎಂದರೆ ನ್ಯಾಯ. ಪಂಜರ ತೊಳೆಯುವ ಮೊದಲು ನಾಯಿಯನ್ನು ಹೊರಗೆ ತರತೊಡಗಿದರು. ತಂತಿ ಹೋಗಿ ಬಟ್ಟೆ ಸುತ್ತಿದ ಹಗ್ಗ ಬಂತು. ನೀರಿನ ಬಟ್ಟಲನ್ನು ಸರಳಿಗೆ ಬಿಗಿದರು. ಮಲಗಲು ಗೋಣಿಚೀಲ ಹಾಸಿದರು. ಬಲೆ ಮಾವ ಮೊದಮೊದಲು ಮೂಗು ಮುರಿದವನು, ಮೂರನೇ ವಾರ ತಾನಾಗಿಯೇ ಬಂದು, "ಗೋಣಿ ಹಾಕಿದ್ಮೇಲೆ ಬೊಗಳೋದು ಅರ್ಧ ಕಮ್ಮಿಯಾಯ್ತು ನೋಡಿ ಅಮ್ಮಾ" ಎಂದ. ಅವತ್ತು ಅವಳು ಮನೆಗೆ ನೆಲ ಮುಟ್ಟದೆ ನಡೆದಳು, ಎರಡು ಬೀದಿ ಸುತ್ತಿಕೊಂಡು.

ಇಪ್ಪತ್ತಮೂರರಲ್ಲಿ ಇಪ್ಪತ್ತೆರಡು ಸರಿಯಾಗಿದ್ದವು. ಎಡವಟ್ಟಾದದ್ದು ಹದಿನೇಳರಲ್ಲಿ.

ಹಿಂದೆ ಯಾವ ನಾಯಿ ಕಚ್ಚುವಂಥದು, ಯಾವುದು ಸಾಧು ಎಂಬುದನ್ನು ಬಲೆ ಮಾವನೇ ಹೇಳುತ್ತಿದ್ದ. "ಇದು ಪರವಾಗಿಲ್ಲ, ಇದು ಬೇಡ" ಎಂದರೆ ಮುಗಿಯಿತು. ಪರವಾಗಿಲ್ಲದ್ದು ಮುಂದಿನ ಸಾಲಿಗೆ. ಅಲ್ಲಿಗೆ ಸಾಕಲು ಬಯಸುವ ಜನ ಬಂದು ನೋಡುತ್ತಿದ್ದರು. ಬೇಡದ್ದು ಹಿಂದಿನ ಸಾಲಿಗೆ. ಅಲ್ಲಿಗೆ ಶುಕ್ರವಾರ ಹನ್ನೊಂದಕ್ಕೆ ಡಾಕ್ಟರು ಸೂಜಿ ಹಿಡಿದು ಬರುತ್ತಿದ್ದರು. ಒಂದು ಜೀವದ ಅಳಿವು ಉಳಿವು ಒಬ್ಬ ಮನುಷ್ಯನ ಬಾಯಿಮಾತಿನ ಮೇಲೆ! ಅವಳಿಗೆ ಅದು ಸಹಿಸಲಾಗಿರಲಿಲ್ಲ. ಅದಕ್ಕೇ ಹದಿನೇಳನೆಯ ಶಿಫಾರಸು: ಪ್ರತಿ ನಾಯಿಗೂ ಲಿಖಿತ ಸ್ವಭಾವ ಪರೀಕ್ಷೆ. ನಾಯಿ ತಿನ್ನುತ್ತಿರುವಾಗ ಕೋಲಿಗೆ ಕಟ್ಟಿದ ಕೃತಕ ಕೈಯಿಂದ ಮೂರು ಸಲ ಬಟ್ಟಲನ್ನು ಎಳೆಯುವುದು. ಗುರುಗುಟ್ಟಿದರೆ ಒಂದು ಅಂಕ, ಹಲ್ಲು ತೋರಿದರೆ ಎರಡು, ಕಚ್ಚಿದರೆ ಮೂರು. ಒಟ್ಟು ಮೂರು ದಾಟದಿದ್ದರೆ ಮುಂದಿನ ಸಾಲು, ದಾಟಿದರೆ ಹಿಂದಿನದು. ಪರೀಕ್ಷೆ ಮಾಡುವವರು ಪದವೀಧರರಾಗಿರಬೇಕು. ಫಲಿತಾಂಶವನ್ನು ಯಾರ ಒತ್ತಡಕ್ಕೂ ಬದಲಿಸುವಂತಿಲ್ಲ. ಪರೀಕ್ಷೆ ಮಾಡಿದವರೇ 'ನಾನು ಮಾಡಿದ್ದು ತಪ್ಪಾಯಿತು' ಎಂದು ಸ್ಪಷ್ಟ ಕಾರಣ ಸಹಿತ ಬರೆದುಕೊಟ್ಟು, ಆಯುಕ್ತರು ಒಪ್ಪಿದರೆ ಮಾತ್ರ ಬದಲಾವಣೆ. ಈ ಕೊನೆಯ ಸಾಲನ್ನು ಅವಳು ಅಂದಕ್ಕೆ ಸೇರಿಸಿದ್ದಳು. ಅಂಥ ಮೂರ್ಖ ಯಾರಿರುತ್ತಾನೆ ಎಂದುಕೊಂಡಿದ್ದಳು.

ದೊಡ್ಡಿಯಲ್ಲಿದ್ದ ಪದವೀಧರಳು ಅವಳೊಬ್ಬಳೇ.

ಪರೀಕ್ಷೆಯ ದಿನ ಅವಳ ವೇಷ ನೋಡುವಂತಿರುತ್ತಿತ್ತು. ಮೋಡವಿಲ್ಲದ ದಿನವೂ ಉದ್ದನೆಯ ರೇನ್‌ಕೋಟು, ಮೊಣಕಾಲಿನವರೆಗೆ ರಬ್ಬರ್ ಬೂಟು, ಒಂದರ ಮೇಲೊಂದು ಎರಡು ಜೊತೆ ಕೈಗವಸು. ಕೈಯಲ್ಲಿ ಆರಡಿ ಪೊರಕೆ ಕೋಲು, ಅದರ ತುದಿಗೆ ಹತ್ತಿ ತುಂಬಿದ ಒಂದು ಗ್ಲೌಸು. ಕೋಲಿನ ಕಟ್ಟಕಡೆಯ ತುದಿ ಹಿಡಿದು, ಬೆನ್ನು ಗೋಡೆಗೆ ಒತ್ತಿ, ಉಸಿರು ಬಿಗಿಹಿಡಿದು, ಆ ಕೈಯನ್ನು ನಾಯಿಯ ಕಡೆ ಚಾಚುತ್ತಿದ್ದಳು. ಮೊದಲ ವಾರದಲ್ಲೇ ಬಲೆ ಮಾವ ಮೆಲ್ಲಗೆ, "ಅಮ್ಮಾ, ಸ್ವಲ್ಪ ಉಸಿರು ಬಿಡಿ" ಎಂದಿದ್ದ. ಅವಳು ಕೋಲು ಕೆಳಗಿಟ್ಟು, "ಪರೀಕ್ಷೆ ನಡೀವಾಗ ಮಾತಾಡ್ಬಾರ್ದು ಮಾವ" ಎಂದಿದ್ದಳು. ಓದಿದವರು ಎಂದು ಅವನು ಸುಮ್ಮನಾದ.

ಹಿಂದೆ ಶುಕ್ರವಾರಕ್ಕೆ ಒಂದೋ ಎರಡೋ ನಾಯಿ ಹೋಗುತ್ತಿದ್ದವು. ಹದಿನೇಳು ಜಾರಿಯಾದ ಮೇಲೆ ಮೂರು ಹೋದವು, ಆಮೇಲೆ ನಾಲ್ಕು, ಆಮೇಲೆ ಐದು. ಏಳು ಶುಕ್ರವಾರಗಳಲ್ಲಿ ಇಪ್ಪತ್ತೊಂಬತ್ತು. ಅವಳು ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ಮೇಲೆ ಟಪಾಲು ತರಲು ಹೋಗುತ್ತಿದ್ದಳು. ದಿನವೂ ಬರುವ ಟಪಾಲಿಗೆ ಶುಕ್ರವಾರ ಹನ್ನೊಂದರ ಅವಸರ ಏನಿತ್ತೋ. ಅಂಕಿ ಏರುತ್ತಿರುವುದು ಅವಳ ಕಣ್ಣಿಗೂ ಬಿದ್ದಿತ್ತು. ಬೀಳದೆ ಇರುತ್ತದೆಯೇ, ಮೈಯೆಲ್ಲ ಕಣ್ಣಾದವಳು. ಅದರಿಂದ ಅವಳು ತೀರ್ಮಾನಿಸಿದ್ದು ಇಷ್ಟು: ಈ ಊರಿನ ನಾಯಿಗಳ ಸ್ವಭಾವ ದಿನೇ ದಿನೇ ಕೆಡುತ್ತಿದೆ. ಜನ ಅವುಗಳೊಂದಿಗೆ ಕ್ರೂರವಾಗಿ ನಡೆದುಕೊಳ್ಳುವುದೇ ಕಾರಣ. ಇಪ್ಪತ್ತನಾಲ್ಕನೆಯ ಶಿಫಾರಸಿನ ಕರಡು ಸಿದ್ಧವಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವಳು ಇಡೀ ಊರೇ ಡೊಂಕು ಎಂದು ಎರಡು ಪುಟ ಬರೆದಳು.

ಏಳನೆಯ ವಾರದ ಕೊನೆಗೆ ಗುಮಾಸ್ತ ಬಂದ. ಕಂದು ಬಣ್ಣದ, ಮೂತಿ ನರೆತ, ಒಂದು ಕಿವಿ ಹರಿದ ಮುದಿ ನಾಯಿ. ಮುಂಗಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಯಾರೋ ಫೈಲು ತರುತ್ತಾರೆಂದು ಕಾಯುವವನ ಹಾಗೆ ಕೂರುತ್ತಿದ್ದ. ಹೆಸರಿಟ್ಟವನು ಬಲೆ ಮಾವ. ಅವಳ ಪಂಜರಗಳ ಸುತ್ತಿನಲ್ಲಿ ಉಳಿದವು ಬೊಗಳಿದರೆ ಇವನು ಕತ್ತು ಸ್ವಲ್ಪ ಓರೆ ಮಾಡಿ ನೋಡುತ್ತಿದ್ದ. ಹದಿನಾರು ಪಂಜರಗಳಲ್ಲಿ ಅವಳು ಎರಡು ಮಾರು ಹತ್ತಿರಕ್ಕೆ ಹೋಗಿ ನಿಂತದ್ದು ಇವನೊಬ್ಬನ ಮುಂದೆ. ಸೋಮವಾರ ಪರೀಕ್ಷೆಗೆ ತಂದಾಗ, ಇವನು ಖಂಡಿತ ಮೂರು ಅಂಕ ದಾಟುವುದಿಲ್ಲ ಎಂದು ಅವಳ ಮನಸ್ಸು ಹೇಳಿತು.

ಮೊದಲ ಸಲ ಬಟ್ಟಲು ಎಳೆದಾಗ ಗುಮಾಸ್ತ ತಿನ್ನುವುದನ್ನು ನಿಲ್ಲಿಸಿ ಕೋಲಿನುದ್ದಕ್ಕೂ ಕಣ್ಣು ಹಾಯಿಸಿ ಅವಳನ್ನು ನೋಡಿದ. ಗುರ್ ಎಂದ. ಎರಡನೇ ಸಲ ಹಲ್ಲು ತೋರಿಸಿದ. ಮೂರನೇ ಸಲ ಗ್ಲೌಸಿನ ಹೆಬ್ಬೆರಳನ್ನು ಕಚ್ಚಿ ಹಿಡಿದ. ಒಂದು, ಎರಡು, ಮೂರು: ಆರು ಅಂಕ. ಅವಳು ಬರೆದು ಸಹಿ ಹಾಕಿದಳು. ಬಲೆ ಮಾವ ಹಗ್ಗ ಹಿಡಿದು ನಿಂತಿದ್ದವನು, "ಇವ್ನಾ?" ಎಂದ. ಅಷ್ಟೇ.

"ಫಲಿತಾಂಶ ಫಲಿತಾಂಶವೇ ಮಾವ. ನನ್ಗೂ ಬೇಜಾರಿದೆ."

ಆ ಬೇಜಾರಿಗೋ ಏನೋ ಬುಧವಾರ ಜ್ವರ ಬಂತು. ಬೆಳಿಗ್ಗೆ ಬಲೆ ಮಾವನ ಫೋನು: ಐದು ಹೊಸ ನಾಯಿ ಬಂದಿವೆ, ಇಡೋಕೆ ಜಾಗ ಇಲ್ಲ, ತಾನೇ ಪರೀಕ್ಷೆ ಮಾಡಲೇ ಎಂದು. ಜ್ವರದ ಮಂಪರಿನಲ್ಲಿ ಹೂಂ ಎಂದುಬಿಟ್ಟಳು. ಸಂಜೆ ಮತ್ತೆ ಫೋನು ಬಂತು. ಐದಕ್ಕೆ ಐದೂ ಪಾಸು. ನಾಲ್ಕಕ್ಕೆ ಸೊನ್ನೆ, ಒಂದಕ್ಕೆ ಒಂದಂಕ.

ಜ್ವರ ಇಳಿಯಿತು, ಪಿತ್ತ ಏರಿತು.

"ಸುಳ್ಳು ಬರ್ದಿದ್ದಾನೆ ರೀ," ಎಂದಳು ಗಂಡನಿಗೆ. ಅವಳ ಗಂಡನದು ಹೊಲಿಗೆ ಯಂತ್ರ ರಿಪೇರಿ ಕೆಲಸ. ಊಟದ ಮೇಜಿನ ಅರ್ಧದಲ್ಲಿ ಸದಾ ಯಾರದೋ ಯಂತ್ರದ ತಲೆ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. "ಐದಕ್ಕೆ ಐದು! ಏಳು ವಾರದಲ್ಲಿ ಒಂದು ದಿನ ನನಗೆ ಹಾಗೆ ಬಂದಿಲ್ಲ."

"ಒಳ್ಳೇ ನಾಯಿಗಳೇ ಇರಬಹುದಲ್ಲ."

"ಒಟ್ಟಿಗೆ ಐದಾ?"

ಅವನು ಸೂಜಿಯ ಕೆಳಗೆ ಎಣ್ಣೆ ಬಿಡುತ್ತ, "ದಾರ ಹರಿಯುತ್ತೆ ಅಂತ ಮಿಷನ್ ತರ್ತಾರಲ್ಲ, ನಾನು ಮೊದ್ಲು ಮಿಷನ್ ಮುಟ್ಟಲ್ಲ. ನೀವೇ ಒಂದು ಸಾಲು ಹೊಲಿದು ತೋರ್ಸಿ ಅಂತೀನಿ. ಅರ್ಧದಷ್ಟು ಜನಕ್ಕೆ ರಿಪೇರಿ ಬೇಕಾಗಿರೋದು ಕಾಲಿಗೆ," ಎಂದ.

"ಏನಂತೀರಿ ನೀವು? ನನ್ನ ಕಾಲಿಗೆ ಏನಾಗಿದೆ?"

"ನಾನು ಮಿಷನ್ ವಿಷಯ ಹೇಳಿದ್ದು ಕಣೇ. ಗಂಜಿ ಕುಡಿ, ಆರುತ್ತೆ."

ಗುರುವಾರ ಅವಳು ಒಂದು ಗಂಟೆ ಮೊದಲೇ ಹೋದಳು, ಹೇಳದೆ ಕೇಳದೆ, ಕಳ್ಳನನ್ನು ಹಿಡಿಯುವ ಪೊಲೀಸಿನವಳ ಹಾಗೆ. ಪರೀಕ್ಷೆ ಕೋಣೆಯೊಳಗೆ ಯಾರೋ ರಾಗವಿಲ್ಲದ ರಾಗ ಗುನುಗುತ್ತಿದ್ದರು. ಗೋಡೆಯಲ್ಲಿದ್ದ ಜಾಲರಿ ಕಿಂಡಿಗೆ ಕಣ್ಣು ಹಚ್ಚಿದಳು.

ಬಲೆ ಮಾವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ನಾಯಿಗೆ ಪಕ್ಕ ಕೊಟ್ಟು, ಬಾಗಿಲ ಕಡೆ ನೋಡುತ್ತ ಕೂತಿದ್ದ. ಕೋಲನ್ನು ಗ್ಲೌಸಿನ ಹತ್ತಿರಕ್ಕೇ ಹಿಡಿದಿದ್ದ. ಉಳಿದ ಐದಡಿ ಅವನ ಕಂಕುಳ ಹಿಂದೆ ಸುಮ್ಮನೆ ಬಿದ್ದಿತ್ತು. ಬಟ್ಟಲಿನಲ್ಲಿ ಸಾರಿನಲ್ಲಿ ನೆನೆಸಿದ ಬ್ರೆಡ್ಡು. ತಿನ್ನುತ್ತಿದ್ದವನು ಗುಮಾಸ್ತ. ಬಲೆ ಮಾವ ಬಾಯಿ ತುಂಬ ಆಕಳಿಸಿ, ಗ್ಲೌಸನ್ನು ನೆಲದ ಮೇಲೆ ತೆವಳಿಸಿಕೊಂಡು ಬಂದು ಬಟ್ಟಲನ್ನು ಎಳೆದ. ಗುಮಾಸ್ತ ಬಟ್ಟಲಿನ ಜೊತೆಯೇ ಎರಡು ಹೆಜ್ಜೆ ಹೋದ. ಮತ್ತೆ ಎಳೆದ. ಮತ್ತೆ ಹೋದ. ಮೂರನೇ ಸಲ ಗುಮಾಸ್ತ ತಲೆಯೆತ್ತಿ, ಗ್ಲೌಸಿಗೆ ಅಂಟಿದ್ದ ಸಾರನ್ನು ಅಚ್ಚುಕಟ್ಟಾಗಿ ನೆಕ್ಕಿ, ತಿರುಗಿ ಬಟ್ಟಲಿಗೆ ಬಾಯಿ ಹಾಕಿದ.

ಅವಳು ಬಾಗಿಲು ತೆಗೆದುಕೊಂಡು ಒಳಗೆ ನುಗ್ಗಿದಳು. ಗುಮಾಸ್ತ ನೆಟ್ಟಗೆ ನಿಂತು ಗುರ್ ಎಂದ.

"ಏನ್ ಮಾವ ಇದು? ಯಾರು ಹೇಳಿದ್ರು ಇವನಿಗೆ ಮತ್ತೆ ಮಾಡೋಕೆ?"

"ಯಾರೂ ಹೇಳ್ಲಿಲ್ಲ ಅಮ್ಮಾ. ಮನಸ್ಸು ತಡೀಲಿಲ್ಲ. ನಿನ್ನೆ ಆ ಐದು ಮಾಡಿದ್ಮೇಲೆ, ಇವನನ್ನೂ ನೋಡೋಣ ಅನ್ನಿಸ್ತು."

"ಆದ್ರೆ ಅವ್ನು... ಸೋಮವಾರ ಆರು ಅಂಕ..."

ಬಲೆ ಮಾವ ಎದ್ದು ಪ್ಯಾಂಟಿನ ಧೂಳು ಕೊಡವಿದ. "ತಪ್ಪು ತಿಳ್ಕೋಬೇಡಿ. ಒಂದ್ಸಲ ಆ ಕೋಲು ತಗೊಳ್ಳಿ. ದಿನಾ ಹಿಡಿಯೋ ಥರಾನೇ ಹಿಡೀರಿ. ನಾಯಿ ನೋಡ್ಬೇಡಿ. ಕೋಲಿನ ತುದಿ ನೋಡಿ."

ಅವಳು ತುದಿ ಹಿಡಿದು ಚಾಚಿದಳು. ಇಷ್ಟು ದಿನ ಅವಳ ಕಣ್ಣು ನಾಯಿಯ ಹಲ್ಲಿನಿಂದ ಕದಲಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿಲ್ಲ, ಆದರೆ ಅಂಗೈಯನ್ನು ನೋಡಬೇಕಲ್ಲ! ಅವಳ ಮುಷ್ಟಿಯಲ್ಲಿ ಸಾಸಿವೆಯಷ್ಟಿದ್ದ ನಡುಕ ಆರಡಿ ಕೋಲಿನ ಕೊನೆಗೆ ತಲುಪುವಾಗ ಗೇಣುದ್ದವಾಗಿತ್ತು. ಹತ್ತಿಯ ಕೈ ಗಾಳಿಯಲ್ಲಿ ಹೊಡೆಯಲು ಬಂದಂತೆ ಮೇಲೆ ಕೆಳಗೆ ಥರಥರ ಬಡಿದುಕೊಳ್ಳುತ್ತಿತ್ತು. ಆ ಕೈಯ ಹಿಂದೆ ರೇನ್‌ಕೋಟು ತೊಟ್ಟು, ಉಸಿರಾಡದೆ, ಕಣ್ಣು ಮಿಟುಕಿಸದೆ ದಿಟ್ಟಿಸುವ ಒಂದು ಆಕೃತಿ. ಅವಳು ನಾಯಿಯಾಗಿದ್ದರೆ ಗುರುಗುಟ್ಟುವವರೆಗೆ ಕಾಯುತ್ತಿರಲಿಲ್ಲ, ಮೊದಲ ಸಲಕ್ಕೇ ಕಚ್ಚುತ್ತಿದ್ದಳು.

"ನಾಯಿಗೆ ಕೋಪ ಇಲ್ಲ ಅಮ್ಮಾ," ಬಲೆ ಮಾವ ಹೇಳಿದ. "ನೀವು ಹೆದರ್ತೀರಿ. ಇಲ್ಲೇನೋ ಹೆದರೋ ಅಂಥದ್ದು ಇದೆ ಅಂತ ಅವೂ ಹೆದರ್ತಾವೆ."

"ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ನಲ್ಲ. ಮಾತಾಡ್ಬೇಡಿ ಅಂದ್ರಿ."

ಅವಳು ಹೊರಗೆ ಹೋಗಿ ಚರಂಡಿಯ ಪಕ್ಕದ ಕಟ್ಟೆಯ ಮೇಲೆ ಕೂತಳು. ಹಿಂದಿನ ಸಾಲಿನಲ್ಲಿ ಒಂಬತ್ತು ನಾಯಿಗಳಿದ್ದವು. ಒಂಬತ್ತರ ಕಾಗದದ ಮೇಲೂ ಅವಳ ದುಂಡು ಸಹಿ. ಅದಕ್ಕೂ ಮೊದಲಿನ ಇಪ್ಪತ್ತೊಂಬತ್ತರ ಮೇಲೂ. ನಾಯಿಗಳನ್ನು ಕ್ರೂರಿಗಳಿಂದ ಕಾಪಾಡಲು ಹಾಕಿದ ಬೇಲಿ ಅವಳೇ, ಹೊಲ ಮೇದವಳೂ ಅವಳೇ. ಆ ಇಪ್ಪತ್ತೊಂಬತ್ತರಲ್ಲಿ ಒಂದರ ಮುಖವನ್ನಾದರೂ ನೆನಪಿಸಿಕೊಳ್ಳಲು ನೋಡಿದಳು. ಹಲ್ಲುಗಳು ಮಾತ್ರ ನೆನಪಾದವು.

ಗುರುವಾರ ಪೂರ್ತಿ ಅವಳು ಕಾಗದದ ಮುಂದೆ ಕೂತಳು. ನಿಯಮ ಅವಳದೇ: ಪರೀಕ್ಷಕರು ಸ್ಪಷ್ಟ ಕಾರಣ ಕೊಟ್ಟು ತಪ್ಪೊಪ್ಪಿಕೊಳ್ಳಬೇಕು. ಅಂದಕ್ಕೆ ಸೇರಿಸಿದ ಸಾಲಿನಲ್ಲಿ ಕಾಯುತ್ತಿದ್ದ ಮೂರ್ಖ ಯಾರೆಂದು ಈಗ ಗೊತ್ತಾಯಿತು. ಮೊದಲು ಬರೆದದ್ದು: 'ಪರೀಕ್ಷಾ ಪರಿಸರದಲ್ಲಿನ ಕೆಲವು ಅನಪೇಕ್ಷಿತ ಅಂಶಗಳಿಂದಾಗಿ...' ಆಮೇಲೆ: 'ಉಪಕರಣದ ಉದ್ದವು ಫಲಿತಾಂಶದ ಮೇಲೆ ಪ್ರಭಾವ ಬೀರಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು...' ಪೊರಕೆ ಕೋಲಿನ ಮೇಲೆ ಗೂಬೆ ಕೂರಿಸಿದ್ದಳು. ನಾಲ್ಕನೆಯ ಕರಡಿನಲ್ಲಿ ನಾಯಿ ಎಂಬ ಪದವೇ ಇರಲಿಲ್ಲ. ಅವಳಿಗೆ ಅದು ಬಹಳ ಹಿಡಿಸಿತು.

ಶುಕ್ರವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಡಾಕ್ಟರು ಬಂದರು. ಕೈ ತೊಳೆದು, ಸ್ಟೀಲಿನ ತಟ್ಟೆಯಲ್ಲಿ ಒಂಬತ್ತು ಸೂಜಿ ಜೋಡಿಸಿಟ್ಟು, ಅವಳು ಚಾಚಿದ ಕಾಗದವನ್ನು ಒದ್ದೆ ಬೆರಳಿನ ತುದಿಯಲ್ಲಿ ಹಿಡಿದು ಓದಿದರು. ಎರಡು ಸಲ ಓದಿದರು.

"ಏನ್ ಮೇಡಂ ಇದು? ಯಾರು ಏನು ಮಾಡಿದ್ರು ಅಂತಾನೇ ಗೊತ್ತಾಗ್ತಿಲ್ಲ."

"ಪರೀಕ್ಷೆಯಲ್ಲಿ ಸ್ವಲ್ಪ... ಲೋಪ ಆಗಿದೆ ಅಂತ."

"ಯಾರ ಲೋಪ? ಏನ್ ಲೋಪ? 'ಸ್ಪಷ್ಟ ಕಾರಣ' ಅಂತ ನಿಮ್ಮ ನಿಯಮದಲ್ಲೇ ಇದೆ. ಇದನ್ನಿಟ್ಕೊಂಡು ನಾನು ಸೂಜಿ ವಾಪಸ್ ಪೆಟ್ಟಿಗೆಗೆ ಹಾಕಿದ್ರೆ ನಾಳೆ ಕೇಳೋದು ನನ್ನನ್ನ." ಅವರು ಗಡಿಯಾರ ನೋಡಿದರು. "ನನಗೆ ಹನ್ನೆರಡಕ್ಕೆ ಇನ್ನೊಂದು ಕಡೆ ಹೋಗ್ಬೇಕು. ಬರೀತೀರಾ, ಶುರು ಮಾಡ್ಲಾ?"

ಪಂಜರದಲ್ಲಿ ಗುಮಾಸ್ತ ಮುಂಗಾಲು ಜೋಡಿಸಿ ಕೂತಿದ್ದ. ಅವಳು ಅದೇ ಕಾಗದದ ಹಿಂದೆ, ಡಾಕ್ಟರ ಪೆನ್ನಿನಲ್ಲಿ, ಒಂದೂ ತೂಗದೆ ಬರೆದಳು. ತೂಗಲು ಪುರುಸೊತ್ತಿರಲಿಲ್ಲ.

ಡಾಕ್ಟರು ಓದಿ, ಅವಳ ರೇನ್‌ಕೋಟನ್ನು ಒಮ್ಮೆ ನೋಡಿ, ಆಯುಕ್ತರಿಗೆ ಫೋನು ಮಾಡಿ ಸ್ಪೀಕರ್ ಒತ್ತಿದರು. "ಸಾರ್, ಮೇಡಂ ಒಂದು ಕಾಗದ ಓದ್ತಾರೆ. ನೀವು ಒಪ್ಪಿದ್ರೆ ನಾನು ನಿಲ್ಲಿಸ್ತೀನಿ."

ಅವಳು ಓದಿದಳು: "ನನಗೆ ನಾಯಿ ಎಂದರೆ ಭಯ. ನನ್ನ ಭಯ ನೋಡಿ ಹೆದರಿದ ನಾಯಿಗಳನ್ನು ನಾನು ಕಚ್ಚುವ ನಾಯಿಗಳೆಂದು ಬರೆದಿದ್ದೇನೆ. ನಾನು ಮಾಡಿದ ಪರೀಕ್ಷೆಗಳೆಲ್ಲ ತಪ್ಪು."

ಆಯುಕ್ತರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ.

"ಅಲ್ಲಾ ಮೇಡಂ, ಅಷ್ಟು ಭಯ ಇದ್ದೋರು ಅಲ್ಲಿಗ್ಯಾಕೆ ಹೋದ್ರಿ?"

"ನೀವೇ ಕಳಿಸಿದ್ರಿ ಸಾರ್."

"ಒಂದು ಮಾತು ಹೇಳ್ಬೇಕೋ ಬೇಡ್ವೋ!"

"ಹೇಳ್ಬೇಕಿತ್ತು ಸಾರ್. ಹೇಳ್ಲಿಲ್ಲ."

"ಸರಿ ಸರಿ. ಆದ್ರೆ 'ಎಲ್ಲ' ಯಾಕೆ? ಈಗಿರೋ ಒಂಬತ್ತಕ್ಕೆ ತಾನೆ ಬೇಕಾಗಿರೋದು? 'ಈ ವಾರದ ಪರೀಕ್ಷೆಗಳು' ಅಂತ ಬರೀರಿ. ಜ್ವರ ಬೇರೆ ಇತ್ತಂತಲ್ಲ ನಿಮಗೆ. ಅದನ್ನೂ ಸೇರಿಸಿ. ಚೊಕ್ಕವಾಗಿ ಮುಗಿಯುತ್ತೆ."

ಎಷ್ಟು ಚೊಕ್ಕ! ಜ್ವರ, ಈ ವಾರ. ಎರಡೂ ಸುಳ್ಳಲ್ಲ. ಅವಳಿಗೆ ನಿನ್ನೆ ಇಡೀ ದಿನ ಹೊಳೆಯದಿದ್ದ ಪದಗಳು ಸಾಹೇಬರಿಗೆ ಅರ್ಧ ನಿಮಿಷದಲ್ಲಿ ಹೊಳೆದಿದ್ದವು. ಒಂಬತ್ತು ಉಳಿಯುತ್ತಿದ್ದವು, ಅವಳ ಮಾನವೂ ಉಳಿಯುತ್ತಿತ್ತು. ಮುಂದಿನ ಸೋಮವಾರ ಜ್ವರ ಬಿಟ್ಟ ಮೇಲ್ವಿಚಾರಕಿ ಮತ್ತೆ ಕೋಲು ಹಿಡಿಯುತ್ತಿದ್ದಳು.

"ಇಲ್ಲ ಸಾರ್," ಎಂದಳು. "ಮೊದಲ್ನೇ ದಿನದಿಂದ. ಇಪ್ಪತ್ತೊಂಬತ್ತು ಹೋಗಿವೆ."

ನಗು ನಿಂತಿತು.

"ಇದು ಫೈಲಿಗೆ ಹೋಗುತ್ತೆ ಮೇಡಂ. ಮೂರು ಮಹಡಿಯವರೂ ಓದ್ತಾರೆ. ಆಡ್ಕೊಳ್ತಾರೆ."

"ಈಗ್ಲೇ ಶಿಫಾರಸಮ್ಮ ಅಂತಾರೆ ಸಾರ್."

ಆಯುಕ್ತರು ಕೆಮ್ಮಿದರು. ಕೆಮ್ಮಿನ ರೀತಿ ಕೇಳಿದರೆ, ಆ ಹೆಸರು ಅವರ ಬಾಯಲ್ಲೂ ಬಂದಿದ್ದಿರಬೇಕು. "ಆಯ್ತು. ಒಪ್ಪಿದ್ದೀನಿ. ಯಾರು ಮಾಡ್ತಾರೆ ಮತ್ತೆ ಪರೀಕ್ಷೆ?"

"ಬಲೆ ಮಾವ."

"ಪದವೀಧರರೇ ಮಾಡ್ಬೇಕು ಅಂತ ಇದೆಯಲ್ಲ?"

"ಅದು ನನ್ನ ದಡ್ಡತನ ಸಾರ್. ಹೊಡೆದುಹಾಕಿ. ನಾನು ಬರ್ಕೊಳ್ತೀನಿ."

ಡಾಕ್ಟರು ಸೂಜಿಗಳ ಮೇಲೆ ಬಟ್ಟೆ ಮುಚ್ಚಿ, ಹನ್ನೆರಡರ ಕೆಲಸಕ್ಕೆ ತಡವಾಗುತ್ತದೆಂದು ಯಾರಿಗೋ ಹೇಳಿ ಕಟ್ಟೆಯ ಮೇಲೆ ಕೂತರು. ಬಲೆ ಮಾವ ಕೋಲನ್ನು ಮೊಣಕಾಲಿಗೆ ಕೊಟ್ಟು ಲಟಕ್ಕೆಂದು ಮುರಿದು ಗೇಣುದ್ದ ಮಾಡಿದ. ಮೊದಲ ನಾಯಿಯನ್ನು ಒಳಗೆ ತಂದು, ಬಟ್ಟಲು ಇಟ್ಟು, ಅವಳ ಕಡೆ ತಿರುಗಿದ. ಅವನಿಗೆ ಸಂಕೋಚವಾಗಿತ್ತು.

"ಅಮ್ಮಾ..."

"ಹೇಳಿ ಮಾವ."

"ನೀವು ಆಚೆ ಹೋಗ್ಬೇಕು."

"ಮೂಲೇಲಿ ನಿಂತ್ಕೊಳ್ತೀನಿ. ಮಾತಾಡಲ್ಲ."

"ಮೂಲೇಲಿ ನಿಂತ್ರೂ ಅವಕ್ಕೆ ಗೊತ್ತಾಗುತ್ತೆ. ಜಾಲರಿ ಹತ್ರಾನೂ ಬೇಡ. ಗೋಡೆ ಆಚೆ ನಿಂತ್ಕೊಳ್ಳಿ. ನಾನು ಕೂಗಿ ಹೇಳ್ತೀನಿ."

ಹೀಗೆ, ನಾಯಿದೊಡ್ಡಿಯ ಸುಧಾರಣೆಯಲ್ಲಿ ಅವಳು ನೀಡಬಹುದಾದ ಅತಿ ದೊಡ್ಡ ಕೊಡುಗೆ ಗೋಡೆಯ ಆಚೆ ಹೋಗಿ ನಿಲ್ಲುವುದು ಎಂದು ತೀರ್ಮಾನವಾಯಿತು. ಅವಳು ಹೋಗಿ ನಿಂತಳು. ಒಳಗಿನಿಂದ ರಾಗವಿಲ್ಲದ ರಾಗ, ಬಟ್ಟಲು ನೆಲಕ್ಕೆ ಉಜ್ಜುವ ಸದ್ದು, ಆಮೇಲೆ ಕೂಗು: "ಸೊನ್ನೆ, ಬರ್ಕೊಳ್ಳಿ!" "ಸೊನ್ನೆ!" "ಒಂದು!" ಒಂದೊಂದು ಸೊನ್ನೆ ಬರೆಯುವಾಗಲೂ ಖುಷಿಯ ಬೆನ್ನಿಗೇ ಇನ್ನೊಂದು ಲೆಕ್ಕ ಒಳಗೆ ಏಳುತ್ತಿತ್ತು, ಇದರ ಹಾಗೆಯೇ ಎಷ್ಟಿದ್ದವೋ ಎಂದು. ಐದನೆಯದಕ್ಕೆ ಒಳಗೆ ಏನೋ ಉರುಳಿತು, ಬಲೆ ಮಾವ 'ಥೂ' ಎಂದ. "ಆರು ಹಾಕಿ ಅಮ್ಮಾ. ನನ್ನ ಅಂಗಿ ತೋಳು ಹೋಯ್ತು. ಇದು ನಿಜವಾಗ್ಲೂ ಬೇಡ." ಅವಳು ಆರು ಬರೆದಳು. ಮತ್ತೊಮ್ಮೆ ಮಾಡುತ್ತೀರಾ ಎಂದು ಕೇಳಿದಳು. ಅವನು ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಮಾಡಿದ. ಮತ್ತೆ ಆರು.

ಕೊನೆಯವನು ಗುಮಾಸ್ತ. ಒಳಗೆ ಗುನುಗು ಶುರುವಾಯಿತು, ನಿಂತಿತು. ಬಟ್ಟಲಿನ ಸದ್ದು ಒಂದು ಸಲ. ಎರಡು ಸಲ. ಆಮೇಲೆ ಏನೂ ಇಲ್ಲ. ಜಾಲರಿ ಮೂರೇ ಹೆಜ್ಜೆ ದೂರದಲ್ಲಿತ್ತು. ಒಂದು ಹೆಜ್ಜೆ ಇಟ್ಟಳು. ಅಲ್ಲಿಗೆ ಹೋಗಿ ನಿಂತರೆ ಅವನನ್ನು ಎರಡನೇ ಸಲ ಕೊಂದ ಹಾಗೆ ಎಂದು ನೆನಪಾಗಿ, ಹೆಜ್ಜೆ ಹಿಂದಕ್ಕಿಟ್ಟು, ಇನ್ನೂ ನಾಲ್ಕು ಹೆಜ್ಜೆ ದೂರ ಹೋದಳು.

"ಬರ್ಕೊಳ್ಳಿ ಅಮ್ಮಾ! ಒಂದ್ಸಲ ಗುರ್ ಅಂದ. ಒಂದಂಕ."

ಸೊನ್ನೆ ಎಂದು ಬರೆಯಲು ಕೈ ತುಡಿಯಿತು. ಒಂದು ಎಂದೇ ಬರೆದಳು. ಒಂದು ಸಾಕಿತ್ತು.

ಬಲೆ ಮಾವ ಗುಮಾಸ್ತನನ್ನು ಮುಂದಿನ ಸಾಲಿಗೆ ಕರೆದೊಯ್ಯುವಾಗ ಅವಳು ಗೋಡೆಗೆ ಅಂಟಿ ನಿಂತಳು. ಇಂಥ ಕಡೆ ನಾಯಿ ನಿಂತು, ತಲೆಯೆತ್ತಿ ನೋಡಿ, ಬಾಲ ಅಲ್ಲಾಡಿಸುತ್ತದೆ ಎಂದು ಅವಳ ಪುಸ್ತಕದ ಬುದ್ಧಿ ಕಾಯುತ್ತಿತ್ತು. ಗುಮಾಸ್ತ ಅವಳಿಂದ ಆದಷ್ಟು ದೂರಕ್ಕೆ, ಚರಂಡಿಯ ಆಚೆ ಅಂಚಿಗೆ ಸರಿದು, ಕಿವಿ ಹಿಂದಕ್ಕೆ ಮಡಚಿ ಹಾದುಹೋದ. ಪ್ರಾಣ ಉಳಿಸಿದವಳು ಎಂದು ಅವನಿಗೆ ಯಾರು ಹೇಳಬೇಕು? ಹೇಳುವುದಾದರೆ ಪ್ರಾಣ ತೆಗೆಯಲು ಸಹಿ ಹಾಕಿದವಳೂ ಇವಳೇ ಎಂದು ಹೇಳಬೇಕಾಗುತ್ತಿತ್ತು. ಅವನಿಗೆ ಬಹುಶಃ ಎರಡೂ ಗೊತ್ತಿತ್ತು.

ಡಾಕ್ಟರು ಎದ್ದು ಕೈ ತೊಳೆದುಕೊಂಡರು. "ಮೇಡಂ, ಆರು ಅಂಕದ ಆ ನಾಯಿಗೆ ಸಹಿ ಬೇಕು. ಆಮೇಲೆ ನೀವು ಟಪಾಲಿಗೆ ಹೋಗ್ಬಹುದು."

ಅವಳು ಸಹಿ ಹಾಕಿದಳು. "ಟಪಾಲು ಮಧ್ಯಾಹ್ನ ತರ್ತೀನಿ," ಎಂದಳು.

ಬಲೆ ಮಾವ ಆ ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಅವಳು ರೇನ್‌ಕೋಟು ಕಳಚಿ ಮೊಳೆಗೆ ಸಿಕ್ಕಿಸಿ, ಬಾಗಿಲ ಹತ್ತಿರ, ಅದಕ್ಕೆ ಕಾಣದಷ್ಟು ಹಿಂದೆ ನಿಂತಳು. ಕಪ್ಪು ಬಣ್ಣ, ಎದೆಯ ಮೇಲೆ ಬಿಳಿ ಮಚ್ಚೆ, ಎಡಗಣ್ಣಿನ ಕೆಳಗೆ ಹಳೆಯದೊಂದು ಗಾಯದ ಗುರುತು. ಈ ಸಲ ಹಲ್ಲನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಅವಳು ನೋಡಿದಳು.